ಪಟ್ಟು ಬಿಡದ ಫೋನು

“ಇನ್ನೊಂದು ಸಲ ನಡೀರಿ,” ಎಂದಳು ಕ್ಯಾಪ್ಟನ್ ನಿಯೆವೆಸ್ ಚಿರಿನೋಸ್.

“ಆಗ್ಲೇ ಎಷ್ಟು ಸಲ ನಡೆದೆ ಕ್ಯಾಪ್ಟನ್! ಬಿಸಿಲು ನೋಡಿ.”

“ಬಿಸಿಲಿಗೆ ಕರಗೋಕೆ ನೀವೇನು ಬೆಣ್ಣೆಯಾ? ನಡೀರಿ ಎಂಜಿನಿಯರ್ ಸಾಹೇಬ್ರೇ.”

ಎದಿಲ್ಬೆರ್ತೊ ಪಿಂಟೊ ನಿಟ್ಟುಸಿರುಬಿಟ್ಟ. ಗಾಜು ಬಿರುಕುಬಿಟ್ಟ ಆ ಹಳೆಯ ಫೋನನ್ನು ಸತ್ತ ಇಲಿಯನ್ನು ಹಿಡಿದ ಹಾಗೆ ಎರಡೇ ಬೆರಳಲ್ಲಿ ಹಿಡಿದಿದ್ದ. ಬಟ್ಟೆ ಒಗೆಯುವ ಅಂಗಳದ ಕಲ್ಲುಹಾಸು ದಾಟಿ, ಕಮಾನಿನಡಿ ನುಸುಳಿ, ಚಾಪೆಲ್ಲಿನ ಕಡೆಗೆ ಮತ್ತೆ ಹೆಜ್ಜೆ ಹಾಕಿದ.

ನಿಯೆವೆಸ್ ಒಗೆಯುವ ಕಲ್ಲಿನ ಮೇಲೆ ಅವನ ಟ್ಯಾಬ್ಲೆಟ್ ಒರಗಿಸಿಟ್ಟುಕೊಂಡು ಕೂತಳು. ಕಣ್ಣು ಪರದೆ ಬಿಟ್ಟು ಕದಲಲಿಲ್ಲ.

ಹಳೆಯ ಚಿತ್ರಗಳ ಕೊಳೆ ತೆಗೆದು ಜೀವ ತುಂಬುವ ಕಸುಬಿನ ಉಬಾಲ್ದೊ ಕಿಕಾನ್ಯಾ, ಇದೇ ಚಾಪೆಲ್ಲಿನ ಅಟ್ಟಣಿಗೆಯ ಕೆಳಗೆ ತಲೆಯೊಡೆದು ಬಿದ್ದಿದ್ದ. ಆ ಹೊತ್ತಿಗೆ ಅಗಸಗಿತ್ತಿ ಸತುರ್ನಿನಾ ವಾರ್ಕಾಳ ಫೋನು ಚಾಪೆಲ್ಲಿನೊಳಗಿತ್ತೆಂದು ಈ ಟ್ಯಾಬ್ಲೆಟ್ಟೇ ಸಾಕ್ಷಿ ಹೇಳಿತ್ತು. ಸತುರ್ನಿನಾ ಅಂದಿನಿಂದ ಲಾಕಪ್ಪಿನಲ್ಲಿದ್ದಳು.

“ಯಂತ್ರ ಸುಳ್ಳು ಹೇಳೋದಿಲ್ಲ ಕ್ಯಾಪ್ಟನ್,” ಎಂದಿದ್ದ ಸರ್ಕಾರಿ ವಕೀಲ ಪೋನ್ಸೆ, ತಾನೇ ಯಂತ್ರ ಕಂಡುಹಿಡಿದವನ ಗತ್ತಿನಲ್ಲಿ.

ಯಂತ್ರ ಸುಳ್ಳು ಹೇಳುವುದಿಲ್ಲ, ನಿಜ. ಆದರೆ ಅದು ಹೇಳಿದ್ದೇನೆಂದು ನೆಟ್ಟಗೆ ಕೇಳಿಸಿಕೊಳ್ಳುವ ವ್ಯವಧಾನ ಅರೆಕಿಪಾದ ದೊಡ್ಡಮನುಷ್ಯರಿಗೆ ಎಂದೂ ಇರಲಿಲ್ಲ. ಮಾತಾಡಿದ್ದು ಯಂತ್ರವಾದರೂ ಸರಿ, ಅಗಸಗಿತ್ತಿಯಾದರೂ ಸರಿ. ನಿಯೆವೆಸಳಿಗೆ ಈ ಊರಿನ ಬಗ್ಗೆ ಇದ್ದ ತಾತ್ಸಾರ ಅಷ್ಟಿಷ್ಟಲ್ಲ. ಅದರಲ್ಲಿ ಸಿಂಹಪಾಲು ಕರಿ ಕೋಟಿನ ಗಂಡಸರಿಗೆ ಮೀಸಲು.

“ಬಾಗಿಲು ದಾಟಿದೆ!” ದೂರದಿಂದ ಎದಿಲ್ಬೆರ್ತೊನ ದನಿ.

ಪರದೆಯ ಮೇಲೆ ಸತುರ್ನಿನಾಳ ಆ ಫೋನಿನ ಹೆಸರಿನ ಪಕ್ಕದಲ್ಲಿ ಒಂದೇ ಮಾತು: ಒಗೆಯುವ ಅಂಗಳ.

“ಇನ್ನೂ ಒಳಗೆ ಹೋಗಿ!”

“ಬಲಿಪೀಠದ ಮುಂದೆ ಇದ್ದೀನಿ! ಇದಕ್ಕಿಂತ ಒಳಗೆ ಹೋದ್ರೆ ಗೋಡೆ!”

ಒಗೆಯುವ ಅಂಗಳ.

ನಿಯೆವೆಸ್ ನಕ್ಕಳು. ಹಗ್ಗಕ್ಕೆ ಹೋಟೆಲಿನ ಚಾದರಗಳನ್ನು ಹರವುತ್ತಿದ್ದ ಇಬ್ಬರು ಹೆಂಗಸರು ಬೆಚ್ಚಿ ನೋಡಿದರು. ಕ್ಯಾಪ್ಟನ್ ನಗುವುದನ್ನು ಅವರು ಕಂಡಿದ್ದು ಅದೇ ಮೊದಲು.

ಎದಿಲ್ಬೆರ್ತೊ ಬೆವರು ಒರೆಸುತ್ತ ಬಂದು ಫೋನನ್ನು ಕಲ್ಲಿನ ಮೇಲಿಟ್ಟ. ಇನ್ನೂರು ವರ್ಷದ ಕಸೋನಾ ದೆಲ್ ಗ್ರಾನಾದೊ ಎಂಬ ಈ ಬಂಗಲೆಯನ್ನು ಹೋಟೆಲ್ ಮಾಡಿದಾಗ ವೈಫೈ ಜಾಲ ಹೆಣೆದವನು ಅವನೇ. ಬಿಳಿಯ ಸಿಲ್ಯಾರ್ ಕಲ್ಲಿನ ಗೋಡೆಗಳು ಮಾರುದ್ದ ದಪ್ಪ. ಒಂದು ಕೋಣೆಯ ತರಂಗ ಪಕ್ಕದ ಕೋಣೆಗೆ ನೆಟ್ಟಗೆ ದಾಟದು. ಹಾಗಾಗಿ ಕೋಣೆಗೊಂದು, ಅಂಗಳಕ್ಕೊಂದರಂತೆ ಸೂರಿಗೆ ಬಿಳಿಯ ಡಬ್ಬಿ ಅಂಟಿಸಿದ್ದ. ಅವನು ಅದನ್ನು ಆಕ್ಸೆಸ್ ಪಾಯಿಂಟ್ ಅನ್ನುತ್ತಿದ್ದ. ಆಕಾರ ನೋಡಿ ಮನೆಯ ಆಳುಗಳು ತಟ್ಟೆ ಅನ್ನುತ್ತಿದ್ದರು. ಅಷ್ಟೂ ತಟ್ಟೆಗಳಿಗೆ ಯಜಮಾನನಂತೆ ಒಂದು ಕಂಟ್ರೋಲರ್.

“ಯಾಕೆ ಬೇರೆ ತಟ್ಟೆಗೆ ಹಾರ್ಲಿಲ್ಲ ಇದು?” ನಿಯೆವೆಸ್ ಕೇಳಿದಳು. “ಚಾಪೆಲ್ಲಿನ ತಟ್ಟೆ ನಿಮ್ಮ ತಲೆ ಮೇಲೇ ಇತ್ತಲ್ಲ?”

“ಹಳೇ ಫೋನು ಕ್ಯಾಪ್ಟನ್. ಕೆಲವು ಹೀಗೇನೇ. ಒಂದು ತಟ್ಟೆ ಹಿಡಿದ್ರೆ ಬಿಡಲ್ಲ. ಪಕ್ಕದಲ್ಲೇ ಒಳ್ಳೇದಿದ್ರೂ ಆ ಕ್ಷೀಣ ದನೀನೇ ಕೇಳ್ಕೊಂಡಿರುತ್ತೆ.”

“ನಿಮ್ಮ ಕಂಟ್ರೋಲರ್ ಗದರಿಸಲ್ವಾ? ಬಿಡು ಅದನ್ನ, ಇದನ್ನ ಹಿಡಿ ಅಂತ?”

“ಸಲಹೆ ಕೊಡುತ್ತೆ. ಕೇಳೋದು ಬಿಡೋದು ಫೋನಿನ ಇಷ್ಟ. ಯಾವಾಗ ಬಿಡ್ಬೇಕು, ಯಾವುದನ್ನ ಹಿಡೀಬೇಕು ಅಂತ ತೀರ್ಮಾನ ಮಾಡೋದು ಫೋನೇ. ಹೊಸವು ಹೇಳಿದ ಮಾತು ಕೇಳ್ತವೆ. ಇಂಥವು ಕೇಳಲ್ಲ.”

ಉಡದ ಪಟ್ಟು. ನಿಯೆವೆಸ್ ಆ ಫೋನನ್ನು ಕೈಗೆತ್ತಿಕೊಂಡಳು. ಬೆನ್ನಿಗೆ ಸಂತನೊಬ್ಬನ ಚಿತ್ರ ಅಂಟಿಸಿತ್ತು. ಸೋಪಿನ ನೀರಿಗೆ ಅರ್ಧ ಮುಖ ಅಳಿಸಿಹೋಗಿತ್ತು.

“ಸರಿ. ಈಗ ನಿಧಾನಕ್ಕೆ ಯೋಚಿಸಿ ಹೇಳಿ. ಅವಸರ ಇಲ್ಲ, ನಿಮಗೆ ಅಭ್ಯಾಸ ಇಲ್ಲ ಅಂತ ಗೊತ್ತು. ಸತುರ್ನಿನಾ ಈ ಫೋನು ಜೇಬಿಗೆ ಹಾಕ್ಕೊಂಡು ಚಾಪೆಲ್ಲಿಗೆ ಹೋಗಿ, ಆ ಮನುಷ್ಯನ್ನ ಹೊಡೆದು ವಾಪಸ್ ಬಂದಿದ್ರೆ, ನಿಮ್ಮ ಪರದೆ ಏನು ತೋರಿಸ್ತಿತ್ತು?”

ಎದಿಲ್ಬೆರ್ತೊ ತಾನು ನಡೆದು ಬಂದ ದಾರಿಯತ್ತ ನೋಡಿದ.

“ಒಗೆಯೋ ಅಂಗಳ,” ಎಂದ ಕೊನೆಗೆ.

“ತೋರಿಸಿದ್ದೇನು?”

“ಚಾಪೆಲ್.”

“ಅಂದ್ರೆ?”

“ಅಂದ್ರೆ…” ಅವನ ಮುಖ ಬಿಳಿಚಿತು. “ಅವಳು ಹೋಗಿದ್ರೆ ಅದು ಹಾರ್ತಿರ್ಲಿಲ್ಲ. ದೇವರೇ! ನನಗಿದು ಹೊಳೀಲೇ ಇಲ್ಲ ಕ್ಯಾಪ್ಟನ್.”

“ಅದೇನು ದೊಡ್ಡ ವಿಷಯ ಬಿಡಿ. ಸರ್ಕಾರಿ ವಕೀಲ ಪೋನ್ಸೆಗೂ ಹೊಳೀಲಿಲ್ಲ. ನೀವಿಬ್ರೂ ಸೇರ್ಕೊಂಡು ಹೊಳೀದೆ ಇರೋ ಸಂಘ ಕಟ್ಬಹುದು. ಒಬ್ಬ ಹೆಂಗಸನ್ನ ಜೈಲಿಗೆ ಹಾಕೋವಾಗ ಮಾತ್ರ ಇಬ್ಬರಿಗೂ ಚೆನ್ನಾಗಿ ಹೊಳೀತು.”

ಅವನು ನೆಲ ನೋಡಿದ. ನಿಯೆವೆಸಳಿಗೆ ಕನಿಕರ ಬರಲಿಲ್ಲ. ಬರಬೇಕಾದ ಕನಿಕರವೆಲ್ಲ ಲಾಕಪ್ಪಿನ ಸಿಮೆಂಟು ಕಟ್ಟೆಯ ಮೇಲೆ ಕೂತ ಹೆಂಗಸಿನ ಪಾಲಾಗಿತ್ತು.

ಆ ಹೆಂಗಸು ಮೊದಲ ದಿನ ಹೇಳಿದ್ದ ಒಂದು ಮಾತು ಅವಳ ತಲೆಯಲ್ಲಿ ಕೊರೆಯುತ್ತಿತ್ತು. ಕೇಳಿಸಿಕೊಂಡವರಲ್ಲಿ ಒಬ್ಬರೂ ಬರೆದುಕೊಂಡಿರದ ಮಾತು: “ಫೋನು ನನ್ನ ಪಕ್ಕ ಕಲ್ಲಿನ ಮೇಲೇ ಇತ್ತು ಕ್ಯಾಪ್ಟನಮ್ಮ. ನಮ್ಮೂರಿನ ಹಾಡು ಹಾಕ್ಕೊಂಡಿದ್ದೆ. ನಡುವೆ ಒಂದು ಸಲ ಹಾಡು ಉಸಿರು ಕಟ್ಟಿದ ಹಾಗೆ ನಿಂತೋಯ್ತು. ಆಮೇಲೆ ತಾನೇ ಬಂತು.”

“ಇಷ್ಟು ಹಟಮಾರಿ ಫೋನು ತಟ್ಟೆ ಬಿಡೋದು ಯಾವಾಗ?” ಎಂದು ಕೇಳಿದಳು.

“ಆ ತಟ್ಟೆಯ ದನಿ ಕೇಳದೇ ಹೋದಾಗ. ಕರೆಂಟು ಹೋದ್ರೆ, ಕೆಟ್ಟು ಹೋದ್ರೆ…”

“ಅವತ್ತು ಕೆಟ್ಟಿತ್ತಾ?”

ಅವನು ಟ್ಯಾಬ್ಲೆಟ್ ಮೇಲೆ ಬೆರಳಾಡಿಸಿದ. “ಇಲ್ಲ. ತಿಂಗಳುಗಟ್ಟಲೆಯಿಂದ ಒಂದು ಕ್ಷಣವೂ ನಿಂತಿಲ್ಲ.”

“ಕೆಡದೇನೇ ಮೂಕ ಮಾಡೋಕೆ ಆಗಲ್ವಾ?”

ಎದಿಲ್ಬೆರ್ತೊ ತಲೆಯೆತ್ತಿದ. ಮೊದಲ ಸಲ ಅವನ ಕಣ್ಣಲ್ಲಿ ಕೆಲಸಗಾರನ ಹೊಳಪು ಕಂಡಿತು. “ದನಿ ತಗ್ಗಿಸಬಹುದು! ಕಂಟ್ರೋಲರಿನಿಂದ ಒಂದು ಆಣತಿ ಸಾಕು. ತಟ್ಟೆ ಉರೀತಾನೇ ಇರುತ್ತೆ, ದೀಪ ಹಸಿರಾಗೇ ಇರುತ್ತೆ. ಆದ್ರೆ ಪಿಸುಗುಟ್ಟುತ್ತೆ ಅಷ್ಟೆ.”

“ತಗ್ಗಿಸಿ.”

ಫೋನನ್ನು ಸತುರ್ನಿನಾ ಇಡುತ್ತಿದ್ದ ಜಾಗದಲ್ಲೇ ಇಟ್ಟಳು. ಪಕ್ಕದ ಹೆಂಗಸೊಬ್ಬಳಿಗೆ ಹೇಳಿ ಅದರಲ್ಲಿ ವೈಫೈ ಮೂಲಕ ಒಂದು ಹಾಡು ಹಾಕಿಸಿದಳು. ಕೊಳಲು, ತಂತಿವಾದ್ಯ, ಎತ್ತರದ ಹೆಣ್ಣುದನಿ. ಯಾರೂ ಫೋನು ಮುಟ್ಟಲಿಲ್ಲ. ಹಗ್ಗದ ಮೇಲಿನ ಚಾದರಗಳಿಂದ ನೀರು ತೊಟ್ಟಿಕ್ಕುತ್ತಿತ್ತು.

ಹಾಡು ಗಕ್ಕನೆ ನಿಂತಿತು.

ಚಾದರ ಹರವುತ್ತಿದ್ದವಳು ಶಿಲುಬೆಯ ಗುರುತು ಮಾಡಿಕೊಂಡಳು. ಹಾಡು ಮತ್ತೆ ಶುರುವಾಯಿತು. ಪರದೆಯಲ್ಲಿ ಫೋನಿನ ಪಕ್ಕದ ಮಾತು ಬದಲಾಗಿತ್ತು: ಚಾಪೆಲ್.

ನಿಯೆವೆಸ್ ತಿರುಗಿ ನೋಡಿದಳು. ಅಂಗಳದ ಮೂಲೆಯಲ್ಲಿ ಚಾಪೆಲ್ಲಿನ ಹಿಂಬಾಗಿಲು. ಸುತ್ತ ಕಲ್ಲಿದ್ದರೂ ಆ ಬಾಗಿಲು ಮಾತ್ರ ಮರದ್ದು. ಚಾಪೆಲ್ಲಿನ ತಟ್ಟೆಯ ದನಿ ಆ ಮರದ ಮೂಲಕ ತೂರಿ ಒಗೆಯುವ ಕಲ್ಲಿನವರೆಗೆ ಬರುತ್ತಿತ್ತು. ಹಿಡಿದಿದ್ದ ಕೈ ಜಾರಿದಾಗ ಹಟಮಾರಿ ಫೋನಿಗೆ ಸಿಕ್ಕಿದ ಇನ್ನೊಂದೇ ಕೈ ಅದು.

ಯಾರೋ ಒಬ್ಬರು ಇದನ್ನೆಲ್ಲ ಮೊದಲೇ ಲೆಕ್ಕ ಹಾಕಿದ್ದರು. ಕಿಕಾನ್ಯಾ ಸಾಯುವ ಮೊದಲೇ ಅವನ ಕೊಲೆಗಾರ್ತಿಯನ್ನು ಆರಿಸಿಟ್ಟಿದ್ದರು.

ಪೋನ್ಸೆಗೆ ಫೋನು ಮಾಡಿದಳು.

“ಏನ್ರೀ ಇದು,” ಎಂದ ಅವನು ಎಲ್ಲ ಕೇಳಿ. “ಫೋನು ಹಟಮಾರಿ ಅಂತ ಹೆಂಗಸು ನಿರ್ದೋಷಿ ಆಗ್ಬಿಟ್ಲಾ?”

“ಫೋನು ಚಾಪೆಲ್ ಅಂದಿದ್ದಕ್ಕೆ ತಪ್ಪಿತಸ್ಥೆ ಆದ್ಲಲ್ಲ, ಅದೇ ದಾರೀಲಿ ಸ್ವಾಮಿ. ನೀವೇ ಬಂದು ನೋಡಿ. ಬಿಸಿಲಿದೆ, ಟೋಪಿ ತನ್ನಿ. ಇಲ್ಲಾಂದ್ರೆ ನಾಳೆ ಪತ್ರಿಕೆಯವರ ಮುಂದೆ ಇದೇ ಹಾಡು ಹಾಕಿ ತೋರಿಸ್ತೀನಿ.”

ಪೋನ್ಸೆಗೆ ನ್ಯಾಯಕ್ಕಿಂತ ಪತ್ರಿಕೆ ಬೇಗ ಅರ್ಥವಾಗುತ್ತಿತ್ತು.

“ಬಿಡುಗಡೆಗೆ ಹೇಳ್ತೀನಿ,” ಎಂದು ಗೊಣಗಿದ. “ಎಡವಟ್ಟಾದ್ರೆ ನಿಮ್ಮ ತಲೆಗೆ.”

“ನನ್ನ ತಲೆಗೇ ಇರ್ಲಿ. ನಿಮ್ಮದರಲ್ಲಿ ಜಾಗ ಇದ್ರೂ ಪ್ರಯೋಜನ ಇಲ್ಲ.”

ಅವಳು ಫೋನಿಟ್ಟಾಗ ಎದಿಲ್ಬೆರ್ತೊ ಟ್ಯಾಬ್ಲೆಟ್ ಮುಂದೆ ಹಿಡಿದು ನಿಂತಿದ್ದ. “ಆ ಆಣತಿ ಹೋಗಿದ್ದು ನಿಜ ಕ್ಯಾಪ್ಟನ್. ಅಂಗಳದ ತಟ್ಟೇನ ತಗ್ಗಿಸಿದ್ದಾರೆ. ಕೆಲಸ ಮುಗಿದ ಮೇಲೆ ಮತ್ತೆ ಏರಿಸಿದ್ದಾರೆ.”

“ಯಾರು?”

“ಗೊತ್ತಾಗಲ್ಲ. ಗುಪ್ತಪದ ಒಂದೇ. ನಾನು, ಈ ಮನೆ ಯಜಮಾನ್ರು ದೋನ್ ಬಾಲ್ತಸಾರ್, ಅವರ ತಂಗಿ ದೋನ್ಯಾ ಲಿಯೊನೋರ್, ಮೂವರೂ ಅದನ್ನೇ ಬಳಸ್ತೀವಿ.”

“ಮೂರು ಜನಕ್ಕೆ ಒಂದೇ ಕೀಲಿ! ಏನದು, ಚಾಪೆಲ್ಲಿನ ಚಿತ್ರದ ದೇವದೂತನ ಹೆಸರಾ?”

ಎದಿಲ್ಬೆರ್ತೊ ಕೆಂಪಾದ. ದೇವದೂತನ ಹೆಸರೇ ಆಗಿತ್ತು.

“ಆಣತಿ ಕೊಟ್ಟ ಉಪಕರಣ ಆಗ ಊಟದ ಮನೆಯ ತಟ್ಟೆ ಹಿಡಿದಿತ್ತು. ಅಷ್ಟು ಮಾತ್ರ ಗೊತ್ತಾಗುತ್ತೆ.”

“ಟ್ಯಾಬ್ಲೆಟ್ ತಗೊಂಡು ನನ್ನ ಹಿಂದೆ ಬನ್ನಿ. ನಾನು ಕೇಳೋತನಕ ಬಾಯಿ ಬಿಡಬೇಡಿ. ನಾನು ದಡ್ಡಿ ಹಾಗೆ ಮಾತಾಡಿದ್ರೂ ತಿದ್ದಬೇಡಿ.”

ಯಜಮಾನರು ಊಟಕ್ಕೆ ಕೂರುವವರೆಗೆ ಕಾದು ಒಳಗೆ ಹೋದಾಗ ಊಟದ ಮನೆಯಲ್ಲಿ ಅಣ್ಣ ತಂಗಿ ಇಬ್ಬರೇ ಇದ್ದರು. ಉದ್ದನೆಯ ಮೇಜಿನ ತುದಿಯಲ್ಲಿ ದೋನ್ ಬಾಲ್ತಸಾರ್ ಸೆಗಾರಾ, ಊರಿನ ಹೆಸರಾಂತ ವಕೀಲ, ಕುತ್ತಿಗೆಗೆ ಬಿಳಿ ಬಟ್ಟೆ ಸಿಕ್ಕಿಸಿಕೊಂಡು ಚುಪೆ ಎಂಬ ಸಿಗಡಿಯ ಸಾರು ಹೀರುತ್ತಿದ್ದ. ಎದುರಿಗೆ ಹೋಟೆಲು ನಡೆಸುವ ದೋನ್ಯಾ ಲಿಯೊನೋರ್, ಗಂಭೀರವಾದ ಕಪ್ಪು ಉಡುಪಿನಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತಿದ್ದಳು. ಅವಳ ತಟ್ಟೆಯಲ್ಲಿ ಒಂದು ಸಿಗಡಿಯೂ ಕದಲಿರಲಿಲ್ಲ.

“ಬಾ ಮಗಳೇ, ಬಾ,” ಎಂದ ದೋನ್ ಬಾಲ್ತಸಾರ್, ಏಳದೆ. “ಇವತ್ತು ಮಿಸ್ತಿ ಬೆಟ್ಟದ ಮೇಲೆ ಹಿಮ ಬಿದ್ದಿದೆಯಂತೆ. ಹಿಮ ಬಿದ್ದ ದಿನ ಈ ಊರಲ್ಲಿ ಎಲ್ಲರಿಗೂ ಸಿಡುಕು. ನಿಯೆವೆಸ್ ಅಂದ್ರೇನೇ ಹಿಮ, ನಿನಗಂತೂ ಹೆಸರಲ್ಲೇ ಇದೆ, ವರ್ಷಪೂರ್ತಿ ಕಷ್ಟ.”

“ನನ್ನ ಸಿಡುಕಿಗೆ ಬೆಟ್ಟ ಬೇಕಿಲ್ಲ ದೋನ್ ಬಾಲ್ತಸಾರ್. ಮನುಷ್ಯರೇ ಸಾಕು.”

“ಚುಪೆ ತಗೋ. ನಿಮ್ಮ ಪೌಕರ್ಪಾತಾ ಕಡೆ ಇಂಥ ಸಿಗಡಿ ಸಿಗಲ್ಲ.”

“ಅಲ್ಲಿ ತಲೆ ಇರೋ ಸಿಗಡಿ ಸಿಗುತ್ತೆ. ಇಲ್ಲಿ ಬರೀ ಮೀಸೆ.”

ಲಿಯೊನೋರ್ ಚಮಚವನ್ನು ಮೆಲ್ಲಗೆ ಕೆಳಗಿಟ್ಟಳು. ಬಾಲ್ತಸಾರ್ ಮಾತ್ರ ನಕ್ಕ. ಬೇರೆಯವರು ಹಾರಾಡುವುದನ್ನು ಮೇಲಿನಿಂದ ನೋಡುವ ನಗು. ಸಾಯುವ ಹಿಂದಿನ ವಾರ ಕಿಕಾನ್ಯಾ, ಚಾಪೆಲ್ಲಿನ ಬಂದೂಕು ಹಿಡಿದ ದೇವದೂತನ ಚಿತ್ರ ಅಸಲಿಯಲ್ಲ, ಅಸಲಿಯನ್ನು ಎಂದೋ ಸಾಗಿಸಿದ್ದಾರೆ ಎಂದು ಬಾಯಿಬಿಟ್ಟಾಗಲೂ ಬಾಲ್ತಸಾರ್ ಹೀಗೇ ನಕ್ಕಿದ್ದನಂತೆ.

“ಅಂಗಳದ ವೈಫೈ ತಟ್ಟೆಯಲ್ಲಿ ಯಾರೋ ಕೈಯಾಡಿಸಿದ್ದಾರೆ,” ಎಂದಳು ನಿಯೆವೆಸ್. “ಕಿಕಾನ್ಯಾ ಸತ್ತ ಹೊತ್ತಿಗೆ ಸರಿಯಾಗಿ.”

“ತಟ್ಟೆ! ನನಗೆ ಆ ತಟ್ಟೆಗೂ ಈ ಸಾರಿನ ತಟ್ಟೆಗೂ ವ್ಯತ್ಯಾಸ ಗೊತ್ತಿಲ್ಲ ಮಗು. ಟಿವಿ ಹಾಕ್ಕೊಡೋಕೂ ನನಗೆ ಆಳು ಬೇಕು. ಅದೇನಿದ್ರೂ ಪಿಂಟೊನ್ನ ಕೇಳು.”

“ಕೇಳಿದೆ. ಕೈಯಾಡಿಸಿದವರು ಇದೇ ಊಟದ ಮನೆಯ ತಟ್ಟೆ ಮೂಲಕ ಆಡಿಸಿದ್ದಾರೆ. ಅಂದ ಮೇಲೆ ಅವರು ಇದೇ ಕೋಣೆಯಲ್ಲಿ ಕೂತಿದ್ರು ಅಂತ ಸಾಬೀತಾಯ್ತು.”

ಎದಿಲ್ಬೆರ್ತೊ ಹಿಂದೆ ಮಿಸುಕಾಡಿದ್ದು ಅವಳಿಗೆ ಕೇಳಿಸಿತು.

“ಅವತ್ತು ಇಲ್ಲಿ ಕೂತು ಇಸ್ಪೀಟು ಆಡ್ತಿದ್ದವರು ನೀವು,” ಎಂದು ಮುಂದುವರಿಸಿದಳು, ಗಂಟು ಬಿಚ್ಚಿದವಳ ಹೆಮ್ಮೆ ಮುಖಕ್ಕೆ ತಂದುಕೊಂಡು. “ಯಂತ್ರ ಸುಳ್ಳು ಹೇಳೋದಿಲ್ಲ. ಊಟದ ಮನೆಯ ತಟ್ಟೆ ಅಂದ್ರೆ ಊಟದ ಮನೆ. ಮುಗೀತು.”

ಬಾಲ್ತಸಾರನ ಹುಬ್ಬು ಮೇಲೇರಿತು. ದಡ್ಡತನ ಕಂಡರೆ ಸುಮ್ಮನಿರಲು ಅವನಿಂದ ಆಗುತ್ತಿರಲಿಲ್ಲ. ನ್ಯಾಯಾಲಯದಲ್ಲಿ ನ್ಯಾಯಾಧೀಶರನ್ನೇ ತಿದ್ದಿ ಬೈಸಿಕೊಂಡವನು ಅವನು. ನಿಯೆವೆಸ್ ಅದನ್ನು ನಂಬಿಯೇ ಬಂದಿದ್ದಳು.

“ಅಯ್ಯೋ ಹುಡುಗಿ,” ಎಂದ, ಮೂಗಿನಿಂದ ಗಾಳಿ ಬಿಟ್ಟು. “ನಿನಗೆ ಕ್ಯಾಪ್ಟನ್ ಪಟ್ಟಿ ಕಟ್ಟಿದವನನ್ನ ಹುಡುಕಿ ಒದೀಬೇಕು. ತಟ್ಟೆ ಹಿಡಿದಿತ್ತು ಅಂದ ಮಾತ್ರಕ್ಕೆ ಫೋನು ಆ ಕೋಣೇಲಿತ್ತು ಅಂತ ಯಾವ ಮೂರ್ಖ ಹೇಳಿದ?”

“ಮತ್ತೆ? ತಟ್ಟೆ ತಾನೇ ಫೋನನ್ನ ಹಿಡ್ಕೊಳ್ಳೋದು?”

“ತಟ್ಟೆ ಹಿಡಿಯಲ್ಲ! ಹಿಡಿಯೋದು ಫೋನು. ಬಿಡೋದೂ ಅದೇ. ತಟ್ಟೆ ಬರೀ ಕೂಗ್ತಾ ಕೂತಿರುತ್ತೆ, ಸಂತೇಲಿ ರೊಟ್ಟಿ ಮಾರೋಳ ಹಾಗೆ. ಒಬ್ಬ ಈ ಕೋಣೇಲಿ ತಟ್ಟೆ ಹಿಡಿದು, ಕಿಟಕಿ ಆಚೆ ಜಗಲಿಗೆ ಹೋಗಿ ನಿಂತ್ರೂ ಇದನ್ನೇ ಹಿಡ್ಕೊಂಡಿರಬಹುದು. ಕಂಟ್ರೋಲರ್ ಬಡ್ಕೊಂಡ್ರೂ ಕೇಳದ ಫೋನುಗಳಿವೆ.”

“ಹಾಗಾದ್ರೆ ಸತುರ್ನಿನಾಳ ಫೋನು ಚಾಪೆಲ್ ಹಿಡೀತಲ್ಲ?”

“ಅದೇ ನಾನು ಹೇಳ್ತಿರೋದು! ಅಂಗಳದ ತಟ್ಟೆಯ ದನಿ ತಗ್ಗಿಸಿದ್ರೆ ಅಂಥ ಮುದಿ ಫೋನೂ ಎದ್ದು ಪಕ್ಕದ ಮನೆಗೆ ಹೋಗುತ್ತೆ. ಅದಕ್ಕೂ ಅವಳ ಕಾಲಿಗೂ ಸಂಬಂಧ ಇಲ್ಲ. ಇಷ್ಟು ಗೊತ್ತಿಲ್ದೆ…”

“ಬಾಯಿ ಮುಚ್ಚು ಬಾಲ್ತಸಾರ್,” ಎಂದಳು ಲಿಯೊನೋರ್.

ತಡವಾಗಿತ್ತು. ಬಾಲ್ತಸಾರನ ಕೈಯಲ್ಲಿನ ಚಮಚ ಗಾಳಿಯಲ್ಲೇ ನಿಂತಿತು. ಅದರ ತುದಿಯಿಂದ ಕೆಂಪು ಸಾರಿನ ಒಂದು ಹನಿ ಬಿಳಿ ಮೇಜುಬಟ್ಟೆಯ ಮೇಲೆ ಬಿತ್ತು.

ನಿಯೆವೆಸ್ ಕುರ್ಚಿಯೊಂದನ್ನು ಎಳೆದು, ಯಾರೂ ಕೂರು ಎನ್ನದಿದ್ದರೂ ಕೂತಳು.

“ಚೆನ್ನಾಗಿ ಪಾಠ ಹೇಳಿದ್ರಿ. ಟಿವಿ ಹಾಕೋಕೂ ಬಾರದವರಿಗೆ ಇಷ್ಟು ವಿದ್ಯೆ! ನಾನು ಹೇಳಿದ್ದು ಕೈಯಾಡಿಸಿದ್ದಾರೆ ಅಂತ ಮಾತ್ರ. ಕೆಡಿಸಿದ್ರು ಅನ್ನಲಿಲ್ಲ, ನಿಲ್ಲಿಸಿದ್ರು ಅನ್ನಲಿಲ್ಲ. ತಗ್ಗಿಸಿದ್ರು ಅಂತ ನಿಮಗೆ ಯಾರು ಹೇಳಿದ್ರು?”

ಬಾಲ್ತಸಾರ್ ಕುತ್ತಿಗೆಯ ಬಟ್ಟೆ ಕಿತ್ತು ಮೇಜಿಗೆ ಎಸೆದ.

“ಊಹೆ.”

“ಅಗಸಗಿತ್ತಿಯ ಫೋನು ಮುದಿ ಅಂತಾನೂ ಊಹೆಯಾ? ನಿಮ್ಮ ಅಂಗಿ ಒಗೆಯೋಳ ಮುಖ ನಿಮಗೆ ಗೊತ್ತಿರಲ್ಲ, ಅವಳ ಫೋನಿನ ವಯಸ್ಸು ಗೊತ್ತಿದೆ!”

“ಗೊತ್ತಿದ್ರೆ ಕೊಂದ ಹಾಗಾಯ್ತಾ?” ಅವನ ದನಿಯಲ್ಲಿ ಮೊದಲಿನ ತುಪ್ಪ ಕರಗಿ ತಳದ ಕಲ್ಲು ಕಾಣುತ್ತಿತ್ತು. “ನೀನು ಯಾವ ಗಲ್ಲಿಯಿಂದ ಬಂದವಳೋ ಏನೋ. ಈ ಮನೆಯಲ್ಲಿ ನಾಲ್ಕು ತಲೆಮಾರು ವಕೀಲರು ಹುಟ್ಟಿದ್ದಾರೆ. ಇಂಥ ಬಾಯಿಮಾತಿಗೆ ನ್ಯಾಯಾಲಯದಲ್ಲಿ ಮೂರು ಕಾಸಿನ ಬೆಲೆ ಇಲ್ಲ.”

“ನಾಲ್ಕು ತಲೆಮಾರು ವಕೀಲರು ಹುಟ್ಟಿ ಒಬ್ಬನಾದ್ರೂ ಬಾಯಿ ಮುಚ್ಚಿಕೊಂಡಿರೋಕೆ ಕಲೀಲಿಲ್ಲವಲ್ಲ, ಅದೇ ನನಗೆ ಬೇಜಾರು.”

ಅವಳಿಗೆ ಖುಷಿಯಾಗುತ್ತಿತ್ತು. ಮುಚ್ಚಿಡುವುದೇಕೆ, ಎದೆ ತುಂಬ ಖುಷಿಯಾಗುತ್ತಿತ್ತು. ಚಿಕ್ಕವಳಿದ್ದಾಗ ಅವಳ ತಾಯಿ ಇಂಥ ಮನೆಗಳ ಹಿಂಬಾಗಿಲಲ್ಲಿ ಜೋಳದ ಹುಳಿನೀರು ಮಾರಿಕೊಂಡು ನಿಲ್ಲುತ್ತಿದ್ದಳು. ಈಗ ಮಗಳು ಮುಂಬಾಗಿಲಿನಿಂದ ಬಂದು ಊಟದ ಮೇಜಿನಲ್ಲೇ ಯಜಮಾನನ ಮುಖ ಕೆಂಪೇರಿಸಿದ್ದಳು.

ಆಗ ಟ್ಯಾಬ್ಲೆಟ್ ಕಿಣಿ ಎಂದಿತು.

ಎದಿಲ್ಬೆರ್ತೊ ಅದನ್ನು ನೋಡಿದ. ಮತ್ತೆ ನೋಡಿದ.

“ಕ್ಯಾಪ್ಟನ್… ಕಿಕಾನ್ಯಾ ಅವರ ಫೋನು.”

ಸತ್ತವನ ಫೋನು. ಹೆಣದ ಬಳಿ ಸಿಗದೆ ಹೋದ, ಪೊಲೀಸರು ಬಾವಿಯವರೆಗೂ ಜಾಲಾಡಿ ಕಾಣದ ಫೋನು. ದೇವದೂತನ ಚಿತ್ರ ನಕಲಿಯೆಂಬುದಕ್ಕೆ ಕಿಕಾನ್ಯಾ ತೆಗೆದಿದ್ದ ಫೋಟೋಗಳೆಲ್ಲ ಅದರಲ್ಲಿದ್ದವು.

“ಏನಾಯ್ತು ಅದಕ್ಕೆ?”

“ಈಗ ಜಾಲಕ್ಕೆ ಬಂತು. ಹೆಬ್ಬಾಗಿಲ ತಟ್ಟೆ ಹಿಡಿದಿದೆ.”

ನಿಯೆವೆಸ್ ಮೊದಲು ನೋಡಿದ್ದು ಬಾಲ್ತಸಾರನ ಕೈಗಳನ್ನು. ಎರಡೂ ಮೇಜಿನ ಮೇಲಿದ್ದವು. ಲಿಯೊನೋರಳ ಕೈಗಳು ಮಡಿಲಲ್ಲಿ.

“ಮೊದಲ ಅಂಗಳಕ್ಕೆ ಹಾರಿತು,” ಎಂದ ಎದಿಲ್ಬೆರ್ತೊ. “ಇದು ಹೊಸ ಫೋನು ಕ್ಯಾಪ್ಟನ್, ಹೇಳಿದ ಮಾತು ಕೇಳೋದು. ಕಮಾನು ದಾಟಿದ ಕೂಡ್ಲೇ ತಟ್ಟೆ ಬದಲಾಯಿಸುತ್ತೆ. ಯಾರೋ ಹಿಡ್ಕೊಂಡು ನಡೀತಿದ್ದಾರೆ.”

“ಯಾವ ಕಡೆ?”

“ಮೆಟ್ಟಿಲು… ಮೆಟ್ಟಿಲ ತಟ್ಟೆ ಹಿಡೀತು. ಈ ಕಡೆಗೇ.”

ನಿಯೆವೆಸ್ ಎದ್ದಳು. ಸೊಂಟದ ಪಿಸ್ತೂಲಿನ ಮೇಲೆ ಕೈಯಿಟ್ಟಳು. ಅಣ್ಣ ತಂಗಿ ಇಬ್ಬರೂ ಕಣ್ಣೆದುರಿಗಿದ್ದರು, ಎದಿಲ್ಬೆರ್ತೊ ಪಕ್ಕದಲ್ಲಿದ್ದ. ಹಾಗಾದರೆ ಇನ್ನೊಬ್ಬನಿದ್ದ. ಈ ಜನಕ್ಕೆ ಕೈಯಾಗಿ ದುಡಿದವನು. ತಾನೇ ನಡೆದು ಬಲೆಗೆ ಬರುತ್ತಿದ್ದ, ಸತ್ತವನ ಫೋನು ಜೇಬಲ್ಲಿಟ್ಟುಕೊಂಡು.

“ನಿಮ್ಮ ಸ್ನೇಹಿತರು ಬರ್ತಿದ್ದಾರೆ ದೋನ್ ಬಾಲ್ತಸಾರ್. ಇನ್ನೊಂದು ತಟ್ಟೆ ಹಾಕ್ಸಿ.”

ಬಾಲ್ತಸಾರನ ಮುಖದಲ್ಲಿ ಹೆದರಿಕೆ ಇರಬೇಕಿತ್ತು. ಇರಲಿಲ್ಲ. ಅದು ನಿಯೆವೆಸಳಿಗೆ ಹಿಡಿಸಲಿಲ್ಲ.

“ಪಡಸಾಲೆ,” ಎದಿಲ್ಬೆರ್ತೊ ಪಿಸುಗುಟ್ಟಿದ.

ಹೊರಗೆ ಕಲ್ಲುಹಾಸಿನ ಮೇಲೆ ಹೆಜ್ಜೆಗಳ ಸದ್ದು. ಅವಸರವಿಲ್ಲದ, ಸ್ವಲ್ಪ ಎಳೆದಂಥ ಹೆಜ್ಜೆಗಳು.

“ಊಟದ ಮನೆ. ನಮ್ಮ ತಲೆ ಮೇಲಿನ ತಟ್ಟೆ ಹಿಡೀತು.”

ಬಾಗಿಲು ತೆರೆಯಿತು.

ಕಸೂತಿಯ ಟೋಪಿ, ಹೆಗಲಿಗೆ ಬಣ್ಣದ ಶಾಲು, ಎದೆಗವಚಿಕೊಂಡ ಕಾಗದದ ಚೀಲ. ಚೀಲದಿಂದ ಮೂರು ಮೂಲೆಯ ಬಿಸಿ ಬ್ರೆಡ್ಡುಗಳು ಇಣುಕುತ್ತಿದ್ದವು. ಲಾಕಪ್ಪಿನ ಕತ್ತಲಿಂದ ಆಗಷ್ಟೇ ಹೊರಬಂದ ಕಣ್ಣುಗಳು ಊಟದ ಮನೆಯ ಬೆಳಕಿಗೆ ಕಿರಿದಾದವು. ನಿಯೆವೆಸಳನ್ನು ಕಂಡೊಡನೆ ಆ ಮುಖವೆಲ್ಲ ಅರಳಿತು.

“ಕ್ಯಾಪ್ಟನಮ್ಮ!” ಎಂದಳು ಸತುರ್ನಿನಾ.

ಓಡಿಬಂದು ನಿಯೆವೆಸಳ ಕೈ ಹಿಡಿದು ಮುತ್ತಿಟ್ಟಳು. ಪಿಸ್ತೂಲಿನ ಮೇಲಿದ್ದ ಕೈ ಅದು. ನಿಯೆವೆಸಳಿಗೆ ಅದನ್ನು ಹಿಂದಕ್ಕೆಳೆದುಕೊಳ್ಳುವುದೋ ಬಿಡುವುದೋ ತಿಳಿಯಲಿಲ್ಲ.

“ಬ್ರೆಡ್ಡು ತಂದೆ ನಿಮಗೆ. ನೀವು ಇರದಿದ್ರೆ ನಾನು ಅಲ್ಲೇ ಕೊಳೀತಿದ್ದೆ, ತಾಯಿ.”

“ಸತುರ್ನಿನಾ.” ನಿಯೆವೆಸ್ ಕೈ ಬಿಡಿಸಿಕೊಂಡಳು. “ನಿನ್ನ ಹತ್ರ ಇನ್ನೇನಿದೆ?”

ಸತುರ್ನಿನಾ ಒಮ್ಮೆ ಮೇಜಿನ ಕಡೆ ನೋಡಿದಳು. ಯಜಮಾನರ ಎದುರು ಹೇಳಬಹುದೇ ಎಂಬ ಅನುಮಾನ ಕಣ್ಣಲ್ಲಿ ಸುಳಿಯಿತು. ನಿಯೆವೆಸ್ ಸುಮ್ಮನೆ ನಿಂತದ್ದನ್ನು ಒಪ್ಪಿಗೆಯೆಂದು ತಿಳಿದು, ಬ್ರೆಡ್ಡಿನ ಚೀಲ ಮೇಜಿನ ತುದಿಗಿಟ್ಟು ಶಾಲಿನ ಗಂಟು ಬಿಚ್ಚಿದಳು. ಒಳಗಿನಿಂದ ಕಪ್ಪನೆಯ ನುಣುಪು ಫೋನೊಂದನ್ನು ತೆಗೆದು, ಎರಡೂ ಅಂಗೈಯಲ್ಲಿಟ್ಟು ಚಾಚಿದಳು. ಅದರ ಪರದೆ ಉರಿಯುತ್ತಿತ್ತು.

ಎಂಜಿನಿಯರ್ ಟ್ಯಾಬ್ಲೆಟ್ಟನ್ನು ನಿಯೆವೆಸಳತ್ತ ತಿರುಗಿಸಿ, ಇದೇ ಕಿಕಾನ್ಯಾನ ಫೋನು ಎಂಬಂತೆ ತಲೆಯಾಡಿಸಿದ.

“ಇದು ನಿನಗೆ ಎಲ್ಲಿ ಸಿಕ್ತು?” ಎಂದಳು ನಿಯೆವೆಸ್.

“ಎಲ್ಲಿ ಅಂದ್ರೆ?” ಸತುರ್ನಿನಾಳ ನಗು ನಿಧಾನವಾಗಿ ಇಳಿಯಿತು. ಅವಳು ನಿಯೆವೆಸಳ ಮುಖವನ್ನು, ಆಮೇಲೆ ಫೋನನ್ನು, ಮತ್ತೆ ಮುಖವನ್ನು ನೋಡಿದಳು. “ನನ್ನ ಬಿಡಿಸಿದ್ರಲ್ಲ, ನಿಮ್ಮ ಠಾಣೆಯ ಪೊಲೀಸಪ್ಪ, ಅವರೇ ಕೈಗೆ ಕೊಟ್ರು. ‘ಇಷ್ಟು ದಿನ ಕ್ಯಾಪ್ಟನ್ ಇದನ್ನ ತಮ್ಮ ಮೇಜಿನ ಖಾನೆಯಲ್ಲಿ ಇಟ್ಕೊಂಡಿದ್ರು, ಆನ್ ಮಾಡಿ, ಬಂಗಲೆಯಲ್ಲಿದ್ದಾರೆ, ಅವರಿಗೇ ತಲುಪಿಸು’ ಅಂದ್ರು. ನೀವೇ ತಾನೇ ಕ್ಯಾಪ್ಟನಮ್ಮ ಹೇಳಿ ಕಳಿಸಿದ್ದು?”

ನಿಯೆವೆಸ್ ಆ ಫೋನನ್ನು ಕಾಣುತ್ತಿದ್ದುದು ಇದೇ ಮೊದಲು; ಆ ಪೊಲೀಸಪ್ಪನನ್ನು ಕೊಂಡುಕೊಂಡವರು ಇದೇ ಮೇಜಿನಲ್ಲಿ ಕೂತಿದ್ದರು. ದೋನ್ ಬಾಲ್ತಸಾರ್ ಎಸೆದಿದ್ದ ಬಟ್ಟೆಯನ್ನು ಎತ್ತಿಕೊಂಡು, ಕೊಡವಿ, ಮತ್ತೆ ಕುತ್ತಿಗೆಗೆ ಸಿಕ್ಕಿಸಿಕೊಂಡ.

ದೋನ್ಯಾ ಲಿಯೊನೋರ್ ಎದ್ದು ಬಂದು, ನಿಯೆವೆಸ್ ಕೂತಿದ್ದ ಕುರ್ಚಿಯನ್ನು ತಾನೇ ಎಳೆದು ಸರಿಮಾಡಿದಳು.

“ಕೂತ್ಕೊಳ್ಳಿ ಕ್ಯಾಪ್ಟನ್,” ಎಂದಳು. “ಇಷ್ಟು ಹೊತ್ತು ನೀವು ಕೇಳಿದ್ರಿ. ಇನ್ನು ನಾವು ಕೇಳ್ತೀವಿ.”